ಕಾಲು ತಿಂದ ನರಿಯ ಲೆಕ್ಕ

ನಮ್ಮ ಟೀಮಿನ ಹುಡುಗರಿಗೆ ಈಗ ಜಪಾನಿನ ಪುನರ್ಜನ್ಮದ ಕಥೆಗಳ ಹುಚ್ಚು. ಊಟದ ಟೇಬಲ್ಲಿನಲ್ಲಿ ಅದೇ ಮಾತು. ಕಥೆಯ ಅಚ್ಚು ಹೆಚ್ಚುಕಮ್ಮಿ ಒಂದೇ: ಯಾರೋ ಒಬ್ಬ ಲಾರಿ ಗುದ್ದಿ ಸಾಯ್ತಾನೆ, ಇನ್ಯಾವುದೋ ಲೋಕದಲ್ಲಿ ಹುಟ್ತಾನೆ, ಹಳೇ ಜನ್ಮದ ನೆನಪು ಮಾತ್ರ ಹಾಗೇ ಇರುತ್ತೆ. 2004ರಲ್ಲಿ ಶುರುವಾದ 'ಶೋಸೆತ್ಸುಕಾ ನಿ ನಾರೋ' ಅನ್ನೋ ತಾಣದಲ್ಲಿ ಯಾರು ಬೇಕಾದ್ರೂ ಕಾದಂಬರಿ ಬರೆದು ಹಾಕಬಹುದು. ಇಂಥ ಕಥೆಗಳ ದೊಡ್ಡ ತವರುಮನೆ ಅದು. ಅದರಲ್ಲೂ ಒಂದು ಒಳಪಂಗಡ ಇದೆ, ಖಳನಾಯಕಿಯಾಗಿ ಹುಟ್ಟೋದು! ಸತೋರು ಯಮಾಗುಚಿ ಬರೆದ ಕಥೆಯೊಂದು 2014ರಲ್ಲಿ ಅಲ್ಲಿ ಶುರುವಾಗಿ 2020ರಲ್ಲಿ ಅನಿಮೆಯೂ ಆಯ್ತು. ಎಂಟು ವರ್ಷದ ಶ್ರೀಮಂತರ ಹುಡುಗಿ ಕತಾರಿನಾ ಬಿದ್ದು ತಲೆಗೆ ಪೆಟ್ಟು ಮಾಡ್ಕೋತಾಳೆ, ಆಗ ಹಿಂದಿನ ಜನ್ಮ ನೆನಪಾಗುತ್ತೆ. ತಾನು ಆಗ ಆಡ್ತಿದ್ದ ಗೇಮಿನ ವಿಲನ್ನೇ ಈಗ ತಾನು! ಆ ಗೇಮಿನಲ್ಲಿ ಅವಳಿಗಿದ್ದದ್ದು ಎರಡೇ ಗತಿ, ಗಡಿಪಾರು ಇಲ್ಲವೇ ಸಾವು.

ನಮ್ಮ ಹುಡುಗರ ಜಗಳ ಏನಪ್ಪಾ ಅಂದ್ರೆ, ಇಂಥ ವಿಲನ್‌ಗಳಿಗೆ ಕ್ಷಮೆ ಸಿಗೋದು ನ್ಯಾಯವಾ ಅಂತ. ಒಬ್ಬ "ಎಲ್ರಿಗೂ ಸೆಕೆಂಡ್ ಚಾನ್ಸ್ ಕೊಡ್ಬೇಕು ಗುರು" ಅಂದ. ಇನ್ನೊಬ್ಬ "ಅವಳಿಂದ ಹಾಳಾದವರ ಗತಿ?" ಅಂದ. ನಾನು ಚಪಾತಿ ಮುರೀತಾ ಸುಮ್ನಿದ್ದೆ. ಆದ್ರೆ ತಲೆಯಲ್ಲಿ ಓಡ್ತಿದ್ದದ್ದು ಬೇರೆ. ಈ ಪ್ರಶ್ನೆಯನ್ನ ಕನ್ನಡದಲ್ಲಿ ಬರೆದವರು ಸಾವಿರ ವರ್ಷದ ಹಿಂದೆಯೇ ಚೆನ್ನಾಗಿ ಜಾಲಾಡಿದ್ದಾರಲ್ಲ ಅಂತ. (ಹೆದರಬೇಡಿ, ಇದು "ಎಲ್ಲಾ ನಮ್ಮಲ್ಲೇ ಮೊದಲಿತ್ತು" ಅನ್ನೋ ಫಾರ್ವರ್ಡ್ ಮೆಸೇಜ್ ಅಲ್ಲ :-) )

ಮೊದಲು ಒಂದು ವ್ಯತ್ಯಾಸ ಹೇಳಿಬಿಡ್ತೀನಿ. ಕತಾರಿನಾ ಕಥೆಯಲ್ಲಿ ನಿಜವಾಗಿ ಯಾರೂ ತಿದ್ದಿಕೊಳ್ಳೋದಿಲ್ಲ. ಗೇಮಿನಲ್ಲಿದ್ದ ಆ ಕೆಟ್ಟ ಕತಾರಿನಾ ಕೆಟ್ಟದ್ದು ಮಾಡೋ ಮೊದಲೇ ಅವಳ ಮೈಯಲ್ಲಿ ಇನ್ನೊಬ್ಬಳು ಒಳ್ಳೆ ಹುಡುಗಿ ಎಚ್ಚರಾಗ್ತಾಳೆ. ಪಾಪವೇ ಆಗಿಲ್ಲ ಅಂದ್ಮೇಲೆ ಕ್ಷಮೆ ಎಲ್ಲಿಂದ ಬರಬೇಕು? ನಮ್ಮ ಜೈನ ಕಥೆಗಳಲ್ಲಿ ಈ ಸುಲಭದ ದಾರಿ ಇಲ್ಲ. ಅಲ್ಲಿ ಪಾಪ ಮಾಡಿದ ಜೀವವೇ ಮುಂದಿನ ಮೈಗೆ ಹೋಗಬೇಕು, ಲೆಕ್ಕದ ಪುಸ್ತಕ ಬಗಲಲ್ಲಿಟ್ಟುಕೊಂಡು. ನೆನಪು ಮರಳೋದು ಅಲ್ಲೂ ಇದೆ, ಜಾತಿಸ್ಮರಣೆ ಅಂತ ಹೆಸರು. ಆದ್ರೆ ಅಲ್ಲಿ ನೆನಪಾಗೋದು ಆಡಿದ ಗೇಮಲ್ಲ, ತಾನೇ ಮಾಡಿದ ಕರ್ಮ.

ಇದಕ್ಕೆ ನನಗೆ ಗೊತ್ತಿರೋ ಅತ್ಯುತ್ತಮ ಉದಾಹರಣೆ ವಡ್ಡಾರಾಧನೆಯ ಮೊದಲ ಕಥೆ, ಸುಕುಮಾರಸ್ವಾಮಿಯ ಕಥೆ. ವಡ್ಡಾರಾಧನೆ ಹತ್ತನೇ ಶತಮಾನದ ಆಸುಪಾಸಿನ ಗದ್ಯ ಅನ್ನೋದು ಸಾಮಾನ್ಯ ಅಭಿಪ್ರಾಯ. ಹತ್ತೊಂಬತ್ತು ಕಥೆಗಳು. ಬರೆದವನು ಶಿವಕೋಟ್ಯಾಚಾರ್ಯ ಅಂತ ಬಹುಕಾಲ ನಂಬಿಕೆ, ಅಲ್ಲ ಭ್ರಾಜಿಷ್ಣು ಅನ್ನುವವರೂ ಇದ್ದಾರೆ. ಡಿ.ಎಲ್. ನರಸಿಂಹಾಚಾರ್ಯರು 1949ರಲ್ಲಿ ಸಂಪಾದಿಸಿ ಕೊಡದೇ ಇದ್ದಿದ್ರೆ ನಮ್ಮಂಥ ಇಂಜಿನಿಯರಿಂಗ್ ಜನದ ಕಣ್ಣಿಗೆ ಇದು ಬೀಳ್ತಾನೇ ಇರಲಿಲ್ಲ.

ಕಥೆ ಹೀಗಿದೆ. ಅಗ್ನಿಭೂತಿ, ವಾಯುಭೂತಿ ಅಣ್ಣತಮ್ಮಂದಿರು, ಕೌಶಾಂಬಿಯ ರಾಜಪುರೋಹಿತನ ಮಕ್ಕಳು. ಅಪ್ಪ ಇರೋವಾಗ ಓದಲಿಲ್ಲ. ಅಪ್ಪ ಸತ್ತ, ಕೆಲಸ ಕೈಬಿಟ್ಟಿತು. ತಾಯಿ ಇಬ್ಬರನ್ನೂ ರಾಜಗೃಹದಲ್ಲಿದ್ದ ತನ್ನ ಅಣ್ಣ ಸೂರ್ಯಮಿತ್ರನ ಹತ್ರ ಕಳಿಸಿದಳು. ಆತ ಚಾಲಾಕಿ. ಸೋದರಮಾವ ಅಂತ ಗೊತ್ತಾದ್ರೆ ಇವರು ಉಂಡುಟ್ಟು ಸೋಮಾರಿಗಳಾಗ್ತಾರೆ ಅಂತ "ನೀವ್ಯಾರೋ ನಂಗೆ ಗೊತ್ತಿಲ್ಲ, ಭಿಕ್ಷೆ ಬೇಡಿ ಉಣ್ಣಿ, ವಿದ್ಯೆ ಮಾತ್ರ ಕಲಿಸ್ತೀನಿ" ಅಂದುಬಿಟ್ಟ. ಕಲಿಕೆಯೆಲ್ಲ ಮುಗಿದ ಮೇಲೆ ನಿಜ ಹೇಳಿ ಉಡುಗೊರೆ ಕೊಟ್ಟು ಕಳಿಸಿದ. ಅಣ್ಣನಿಗೆ ಕೃತಜ್ಞತೆ. ತಮ್ಮನಿಗೆ ಹೊಟ್ಟೆಯಲ್ಲಿ ಬೆಂಕಿ: ಸ್ವಂತ ಮಾವನಾಗಿ ನನ್ನ ಕೈಲಿ ಭಿಕ್ಷೆ ಎತ್ತಿಸಿದನಲ್ಲ!

ಇಲ್ಲಿ ಒಂದು ಮಾತು. ವಾಯುಭೂತಿಯ ಸಿಟ್ಟು ನನಗೆ ಪೂರ್ತಿ ಅನ್ಯಾಯ ಅನ್ನಿಸೋದಿಲ್ಲ. ಹಸಿದು ಬೀದಿ ಅಲೆದವನಿಗೆ "ನಿನ್ನ ಒಳ್ಳೇದಕ್ಕೇ ಮಾಡಿದ್ದು" ಅಂದ್ರೆ ಹೇಗಿರುತ್ತೆ? ಟ್ರೈನಿಂಗ್ ಹೆಸರಲ್ಲಿ ಹಿಂಡಿಸಿಕೊಂಡ ಯಾರನ್ನಾದ್ರೂ ಕೇಳಿ ನೋಡಿ. ಕಥೆಗಾರ ಇದನ್ನ ಬಲ್ಲವನು. ಖಳನಿಗೂ ಒಂದು ಕಾರಣ ಇಟ್ಟಿದ್ದಾನೆ.

ಮುಂದೆ ಸೂರ್ಯಮಿತ್ರ ಜೈನಮುನಿಯಾಗಿ ಕೌಶಾಂಬಿಗೆ ಬರ್ತಾನೆ. ಅಣ್ಣ ಆದರಿಸಿ ಊಟಕ್ಕಿಡ್ತಾನೆ, ತಮ್ಮ ಬಾಯಿಗೆ ಬಂದಂಗೆ ಬೈತಾನೆ. ಅದನ್ನ ಕಂಡು ಬೇಸತ್ತ ಅಣ್ಣ ಸಂಸಾರವನ್ನೇ ಬಿಟ್ಟು ದೀಕ್ಷೆ ತಗೋತಾನೆ. ಮನೆಯಲ್ಲಿ ಉಳಿದವಳು ಅತ್ತಿಗೆ. ಅವಳು ಬಂದು ವಾಯುಭೂತಿಯನ್ನ ಕೇಳ್ತಾಳೆ: ನಿನ್ನ ದೆಸೆಯಿಂದ ನನ್ನ ಗಂಡ ಹೋದನಲ್ಲೋ ಅಂತ. ವಾಯುಭೂತಿ ಅವಳನ್ನ ಕಾಲಲ್ಲಿ ಒದೀತಾನೆ. ಅವಳು ಅಲ್ಲೇ ಸಂಕಲ್ಪ ಮಾಡ್ತಾಳೆ, ಯಾವ ಕಾಲಲ್ಲಿ ಒದ್ದೆಯೋ ಆ ಕಾಲನ್ನ ಮುಂದಿನ ಜನ್ಮದಲ್ಲಾದ್ರೂ ನನ್ನ ಮಕ್ಕಳ ಸಮೇತ ತಿನ್ನುವಂತಾಗಲಿ ಎಂದು. ಇದಕ್ಕೆ ಜೈನರಲ್ಲಿ 'ನಿದಾನ' ಅಂತಾರೆ. ಗಡಿಬಿಡಿ ಇಲ್ಲದ ನಿಧಾನ ಅಲ್ಲ, ದ ಅಲ್ಪಪ್ರಾಣ. ಮುಂದೆ ಇಂಥದ್ದೇ ಆಗಲಿ ಅಂತ ಜೀವ ತನ್ನನ್ನೇ ಕಟ್ಟಿಹಾಕಿಕೊಳ್ಳುವ ಬಯಕೆ.

ಆಮೇಲೆ ವಾಯುಭೂತಿಗೆ ಕುಷ್ಠ. ಸತ್ತು ಕತ್ತೆ, ಹಂದಿ, ನಾಯಿ, ಕೊನೆಗೆ ಊರಾಚೆ ಬಿದ್ದಿರೋ ಒಬ್ಬಳು ಕುರುಡಿ ಹುಡುಗಿ. ಅಲ್ಲಿ ಅಗ್ನಿಭೂತಿ ಮುನಿ ಅವಳನ್ನ ಕಾಣ್ತಾನೆ. ತನ್ನ ತಮ್ಮ ಅಂತ ಅವನಿಗೆ ಗೊತ್ತಿಲ್ಲ, ಆದ್ರೂ ಕಣ್ಣಲ್ಲಿ ನೀರು. ಯಾಕೆ ಅಂತ ಗುರುವನ್ನ ಕೇಳಿದಾಗ ಸೂರ್ಯಮಿತ್ರ (ಅದೇ ಮಾವ!) ವಿಷಯ ಹೇಳಿ, ಆ ಹುಡುಗಿಗೆ ವ್ರತ ಕೊಡ್ತಾನೆ. ಅವಳು ಮುಂದೆ ಚಂಪಾನಗರದಲ್ಲಿ ನಾಗಶ್ರೀ ಅನ್ನೋ ಬ್ರಾಹ್ಮಣರ ಹುಡುಗಿಯಾಗಿ ಹುಟ್ಟಿ, ಮುನಿಗಳ ಹತ್ರ ಮತ್ತೆ ವ್ರತ ಹಿಡೀತಾಳೆ. ವಾಪಸ್ ಕೊಟ್ಟು ಬಾ ಅಂತ ಅಪ್ಪ ಅವಳ ಕೈ ಹಿಡಿದು ಎಳ್ಕೊಂಡು ಹೋಗ್ತಾನೆ. ದಾರಿಯಲ್ಲಿ ಕೊಲೆ ಮಾಡಿದವನಿಗೆ, ಕದ್ದವನಿಗೆ ಶಿಕ್ಷೆ ಆಗ್ತಿರೋದು ಕಾಣುತ್ತೆ. ಒಂದೊಂದನ್ನ ಕಂಡಾಗಲೂ ಮಗಳು ಕೇಳ್ತಾಳೆ: ಇದನ್ನ ಮಾಡೋದಿಲ್ಲ ಅನ್ನೋ ವ್ರತವನ್ನ ತಾನೇ ನಾನು ವಾಪಸ್ ಕೊಡಬೇಕಾದ್ದು? ಅಪ್ಪ ಪ್ರತಿ ಸಲ "ಅದೊಂದು ಇರ್ಲಿ ಬಿಡು, ಉಳಿದದ್ದು ಕೊಡು" ಅಂತಾನೆ. ಕೊನೆಗೆ ಕೊಡೋಕೆ ಏನೂ ಉಳಿಯೋದಿಲ್ಲ. ಇಷ್ಟು ಮಜವಾದ ಚೌಕಾಸಿಯನ್ನ ನಾನು ಇನ್ನೆಲ್ಲೂ ಓದಿಲ್ಲ.

ಅದೇ ಜೀವ ಕೊನೆಗೆ ಉಜ್ಜಯಿನಿಯಲ್ಲಿ ಸುಕುಮಾರ. ಮೂವತ್ತೆರಡು ಹೆಂಡಂದಿರು, ಮಗ ಮುನಿಯನ್ನ ಕಂಡ್ರೆ ಬಿಟ್ಟು ಹೋಗ್ತಾನೆ ಅಂತ ಬಾಗಿಲು ಕಾಯೋ ತಾಯಿ. ಹರಸಿ ಎರಚಿದ ಬಿಳಿ ಸಾಸಿವೆ ಕಾಳೂ ಒತ್ತುವಷ್ಟು ಮೆತ್ತನೆ ಮೈ. ಒಂದು ರಾತ್ರಿ ಮುನಿಯ ಪಾಠ ಕಿವಿಗೆ ಬೀಳುತ್ತೆ, ಹಿಂದಿನ ಜನ್ಮ ನೆನಪಾಗುತ್ತೆ, ಮಹಡಿಯಿಂದ ಇಳಿದು ಹೊರಟೇಬಿಡ್ತಾನೆ. ನೆಲ ಮುಟ್ಟದ ಪಾದ, ನೆಲದ ತುಂಬಾ ರಕ್ತ. ಆ ಜಾಡು ಹಿಡಿದು ಮರಿಗಳ ಜೊತೆ ನರಿಯೊಂದು ಬರುತ್ತೆ. ಅತ್ತಿಗೆ. ಮೂರು ದಿನ ಕಾಲಿನಿಂದ ಶುರುಮಾಡಿ ತಿನ್ನುತ್ತೆ. ಆತ ಅಲ್ಲಾಡೋದಿಲ್ಲ.

ನೋಡಿ, ಇಲ್ಲಿ ಖಳ ಯಾರು? ಗುರುದ್ರೋಹ ಮಾಡಿ, ಹೆಂಗಸನ್ನ ಒದ್ದವನೇ ಕಥಾನಾಯಕ! ಅವನಿಗೆ ಉದ್ಧಾರ ಸಿಕ್ಕಿದ್ದು ನನಗೆ ಒಪ್ಪಿಗೆ. ಯಾಕಂದ್ರೆ ಅದನ್ನ ಯಾರೂ ಪುಕ್ಕಟೆ ಕೊಡಲಿಲ್ಲ. ಒದ್ದ ಕಾಲನ್ನೇ ಕೊಟ್ಟ, ತಡೆಯದೆ ಕೊಟ್ಟ. ನನ್ನ ತಕರಾರು ಇರೋದು ನರಿಯ ಬಗ್ಗೆ. ಅದಕ್ಕೆ ಆಮೇಲೆ ಬರ್ತೀನಿ.

ಇದಕ್ಕೆ ಜೋಡಿಯಾಗಿ ಇನ್ನೊಂದು ಅಣ್ಣತಮ್ಮಂದಿರ ಕಥೆ: ಕಮಠ, ಮರುಭೂತಿ. ಅಣ್ಣ ಕಮಠ ತಮ್ಮನ ಹೆಂಡತಿಯ ಮೇಲೆ ಕೈ ಹಾಕಿ ಗಡಿಪಾರಾಗ್ತಾನೆ. ತಮ್ಮನೇ ಹುಡುಕಿಕೊಂಡು ಹೋಗಿ ಕ್ಷಮಿಸು ಅಂತ ಬಗ್ಗಿದ್ರೆ ತಲೆ ಮೇಲೆ ಬಂಡೆ ಎತ್ತಿಹಾಕಿ ಕೊಲ್ತಾನೆ. ಮುಂದೆ ಜನ್ಮ ಜನ್ಮಾಂತರ ಇದೇ ಪಾಡು. ಹಾವಾಗಿ ಕಚ್ತಾನೆ, ಸಿಂಹವಾಗಿ ಸೀಳ್ತಾನೆ. ತಮ್ಮ ಮೇಲೆ ಏರ್ತಾ ಹೋಗಿ ಪಾರ್ಶ್ವನಾಥ ತೀರ್ಥಂಕರ ಆದಾಗಲೂ ಇವನು ಮಳೆ, ಬಂಡೆ ಸುರಿಸ್ತಾನೆ. ಧರಣೇಂದ್ರ, ಪದ್ಮಾವತಿ ಬಂದು ಕೊಡೆ ಹಿಡೀತಾರೆ. ರಾಷ್ಟ್ರಕೂಟರ ಕಾಲದ ಜಿನಸೇನ ಈ ಕಥೆಯನ್ನ ಕಾಳಿದಾಸನ ಮೇಘದೂತದ ಸಾಲುಗಳನ್ನೇ ಒಳಗೆ ಹೆಣೆದು 'ಪಾರ್ಶ್ವಾಭ್ಯುದಯ' ಮಾಡಿದ (ಓಪನ್ ಸೋರ್ಸ್ ಅಂದ್ರೆ ಇದಪ್ಪಾ). ಅವನ ಶಿಷ್ಯ ಗುಣಭದ್ರನ ಉತ್ತರಪುರಾಣದಲ್ಲಿ ಕೊನೆಗೆ ಕಮಠನ ಜೀವಕ್ಕೂ ಸಮ್ಯಕ್ತ್ವ ಸಿಗುತ್ತೆ. ಎಲ್ಲೋರದ ಜೈನ ಗುಹೆಗಳ ಕೆಲವು ಶಿಲ್ಪಗಳಲ್ಲಿ ಮೇಲೆ ದಾಳಿ ಮಾಡೋರು, ಕೆಳಗೆ ಕೈಮುಗಿದು ಕೂತವನೊಬ್ಬ. ಕೂತವನೂ ಕಮಠನೇ ಅಂತ ವಿದ್ವಾಂಸರು ಗುರುತಿಸ್ತಾರೆ. ಒಂದೇ ಕಲ್ಲಿನಲ್ಲಿ ಅಪರಾಧ, ಶರಣಾಗತಿ ಎರಡೂ.

ಇನ್ನು ರಾವಣ. 1100ರ ಸುಮಾರಿನ ನಾಗಚಂದ್ರನ ರಾವಣನನ್ನ ಬಿ.ಎಂ.ಶ್ರೀ. ದುರಂತನಾಯಕ ಅಂತ ಗುರುತಿಸಿದ್ದು ಕನ್ನಡ ಎಂ.ಎ. ಮಾಡಿದವರಿಗೆಲ್ಲ ಬಾಯಿಪಾಠ. ಸೀತೆಯ ನಿಷ್ಠೆ ಕಂಡು ಅವನ ಮನಸ್ಸು ತಿರುಗುತ್ತೆ, ಆದ್ರೆ ಈಗ ಒಪ್ಪಿಸಿದ್ರೆ ಹೆದರಿದ ಅಂತಾರೆ, ಗೆದ್ದು ಒಪ್ಪಿಸ್ತೀನಿ ಅಂತ ಯುದ್ಧಕ್ಕೆ ಹೋಗಿ ಸಾಯ್ತಾನೆ. ಜೈನ ಪರಂಪರೆ ಅವನನ್ನ ನರಕಕ್ಕೆ ಕಳಿಸುತ್ತೆ, ಕೊಂದ ಲಕ್ಷ್ಮಣನನ್ನೂ ಕಳಿಸುತ್ತೆ (ಪಕ್ಷಪಾತ ಇಲ್ಲ ನೋಡಿ). ಆದ್ರೆ ಮುಂದೊಂದು ಕಾಲಕ್ಕೆ ರಾವಣ ತೀರ್ಥಂಕರ ಆಗ್ತಾನೆ ಅಂತಲೂ ಹೇಳುತ್ತೆ. ದೇವತೆಯಾಗಿ ಹುಟ್ಟಿದ ಸೀತೆಯ ಜೀವ ನರಕಕ್ಕೇ ಇಳಿದು ಹೋಗಿ ಅವರಿಗೆ ಬುದ್ಧಿ ಹೇಳುತ್ತೆ. ಅಂದ್ರೆ ನೋಯಿಸಿಕೊಂಡವಳೇ ಕೈ ಕೊಡೋದು. ಅವಳನ್ನ ಹಾಗೆ ಮಾಡು ಅಂತ ಯಾರೂ ಕಳಿಸಿಲ್ಲ.

ಎಲ್ಲರಿಗೂ ಹೀಗೆ ಧಾರಾಳ ಅಂತ ತಿಳೀಬೇಡಿ. 1209ರಲ್ಲಿ ಹೊಯ್ಸಳರ ಆಸ್ಥಾನದ ಜನ್ನ ಯಶೋಧರ ಚರಿತೆ ಬರೆದ. ಹಿಟ್ಟಿನ ಕೋಳಿ ಬಲಿ ಕೊಟ್ಟ ತಪ್ಪಿಗೆ ಯಶೋಧರನೂ ಅವನ ತಾಯಿಯೂ ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಳಿ ಅಂತ ಸುತ್ತಿ ಕೊನೆಗೆ ದಡ ಸೇರ್ತಾರೆ. ನರಬಲಿಗೆ ಕತ್ತಿ ಎತ್ತಿದ್ದ ಮಾರಿದತ್ತನೂ ಕಥೆ ಕೇಳಿಯೇ ಬದಲಾಗ್ತಾನೆ. ಬಲಿ ಬೇಡುತ್ತಿದ್ದ ಚಂಡಮಾರಿಯೂ ಬದಲಾಗ್ತಾಳೆ. ಬಾಗಿಲು ಮುಚ್ಚಿರೋದು ಒಬ್ಬಳಿಗೆ, ಅಷ್ಟಾವಂಕನ ಹಾಡಿಗೆ ಮನಸೋತ ಅಮೃತಮತಿಗೆ. ಗಂಡನಿಗೂ ಅತ್ತೆಗೂ ವಿಷ ಹಾಕಿದಳು, ಸರಿ, ಸಣ್ಣ ಪಾಪ ಅಲ್ಲ. ಆದ್ರೆ ಊರು ತುಂಬ ಜೋಡಿಗಳನ್ನ ಹಿಡಿದು ತರಿಸಿ ಕಡಿಸೋಕೆ ಹೊರಟವನಿಗೆ ಒಂದೇ ಕಥೆಯಲ್ಲಿ ಕ್ಷಮೆ, ಇವಳಿಗೆ ಸೀದಾ ನರಕ! ಹೆಚ್ಚುಕಮ್ಮಿ ಎಂಟು ಶತಮಾನ ಕಳೆದ ಮೇಲೆ, 1980ರಲ್ಲಿ, ಗಿರೀಶ ಕಾರ್ನಾಡರು 'ಹಿಟ್ಟಿನ ಹುಂಜ'ದಲ್ಲಿ ರಾಣಿಗೆ ಮಾತಾಡೋಕೆ ಜಾಗ ಕೊಟ್ಟರು.

ಬಾಗಿಲೇ ಇಲ್ಲ ಅಂದವರೂ ಇದ್ದಾರೆ, ನಮ್ಮ ಉಡುಪಿಯಲ್ಲೇ. ಭಾಗವತದ ಜಯ-ವಿಜಯರ ಕಥೆ ನಿಮಗೆ ಗೊತ್ತೇ ಇದೆ: ವೈಕುಂಠದ ಬಾಗಿಲು ಕಾಯುವವರು ಶಾಪದಿಂದ ಹಿರಣ್ಯಾಕ್ಷ-ಹಿರಣ್ಯಕಶಿಪು, ರಾವಣ-ಕುಂಭಕರ್ಣ, ಶಿಶುಪಾಲ-ದಂತವಕ್ರ ಆಗಿ ಮೂರು ಜನ್ಮ ದ್ವೇಷ ಮಾಡಿಯೇ ವಾಪಸ್ ಹೋಗ್ತಾರೆ. ಹದಿಮೂರನೇ ಶತಮಾನದ ಮಧ್ವಾಚಾರ್ಯರು ಇದನ್ನ ಹಾಗೇ ಬಿಡಲಿಲ್ಲ. ದೇವರನ್ನ ದ್ವೇಷಿಸಿದವನಿಗೆ ಮೋಕ್ಷ ಕೊಟ್ರೆ ಭಕ್ತಿ ಮಾಡಿದವನ ಗತಿ ಏನು? ಅದಕ್ಕೇ ಶಿಶುಪಾಲನ ದೇಹದಲ್ಲಿ ಎರಡು ಜೀವ ಇದ್ದವು ಅಂದ್ರು. ಸತ್ತಾಗ ಜಯನ ಜೀವ ಹರಿಯ ಕಡೆಗೆ, ಅಸುರ ಜೀವ ತಮಸ್ಸಿಗೆ. ಒಂದೇ ಮೆಷಿನ್ನಲ್ಲಿ ಎರಡು ಯೂಸರ್ ಲಾಗಿನ್! ಜೀವಗಳಲ್ಲೇ ಮುಕ್ತಿಗೆ ಯೋಗ್ಯ, ನಿತ್ಯ ಸಂಸಾರಿ, ತಮಸ್ಸಿಗೆ ಯೋಗ್ಯ ಅಂತ ಮೂರು ಬಗೆ, ಅದು ಸ್ವಭಾವ, ಬದಲಾಗೋದಿಲ್ಲ. ತರ್ಕ ಅಚ್ಚುಕಟ್ಟು, ಒಪ್ಪೋಕೆ ಮಾತ್ರ ನನ್ನ ಕೈಲಾಗೋದಿಲ್ಲ. ತಿದ್ದಿಕೊಳ್ಳೋಕೆ ಆಗದ ಹಾಗೇ ಇರೋ ಜೀವಕ್ಕೆ ಶಿಕ್ಷೆಯಾದ್ರೂ ಯಾಕೆ? ಆದ್ರೆ ಒಂದು ಮೆಚ್ಚಬೇಕು. ನಮ್ಮ ಟೀಮಿನ ಎರಡನೇ ಹುಡುಗನ ಪ್ರಶ್ನೆಯನ್ನ, ಒಳ್ಳೆಯವರಿಗೆ ಆಗೋ ಅನ್ಯಾಯವನ್ನ, ಅವರು ತೇಲಿಸಿಬಿಡಲಿಲ್ಲ.

ಈಗ ನರಿ. ವಾಯುಭೂತಿಗೆ ಸಿಕ್ಕಿದ್ದನ್ನ ಲೆಕ್ಕ ಹಾಕಿ: ಅಳೋಕೆ ಅಣ್ಣ, ವ್ರತ ಕೊಡೋಕೆ ಮಾವ, ನಾಗಶ್ರೀಯಾಗಿ ಒಂದು ಅವಕಾಶ, ಸುಕುಮಾರನಾಗಿ ಇನ್ನೊಂದು. ಅತ್ತಿಗೆಗೆ? ಗಂಡ ಬಿಟ್ಟು ಹೋದ, ಮೈದುನ ಒದ್ದ, ನೋವಿನಲ್ಲಿ ಒಂದು ಮಾತು ಆಡಿದಳು. ಆ ಮಾತೇ ಅವಳನ್ನ ಕಟ್ಟಿಹಾಕಿತು. ಸೇಡು ಕಟ್ಟಿಕೊಂಡವರೂ ಬಂದಿಗಳೇ ಅನ್ನೋ ತತ್ವ ನನಗೆ ಅರ್ಥ ಆಗುತ್ತೆ. ಆದ್ರೆ ಊರೂರು ತಿರುಗಿ ತಮ್ಮನನ್ನ ಕಂಡು ಕಣ್ಣೀರಿಟ್ಟ ಅಗ್ನಿಭೂತಿ, ತಾನು ಬಿಟ್ಟು ಬಂದ ಹೆಂಡತಿಯನ್ನ ಹುಡುಕಿ ಕಾಡಿನ ಕಡೆ ಹೋದನೇ? ಸುಕುಮಾರ ಮೂರನೇ ದಿನ ಪ್ರಾಣ ಬಿಟ್ಟು ಮೇಲಿನ ಲೋಕಕ್ಕೆ ಹೋಗ್ತಾನೆ, ಕಥೆಯೂ ಅವನ ಬೆನ್ನು ಹಿಡಿದು ಹೋಗುತ್ತೆ. ಕೆಳಗೆ ಕಾಡಿನಲ್ಲಿ ಅವಳು ಬಾಯಿ ಒರೆಸಿಕೊಂಡು, ಮರಿಗಳನ್ನ ಕರ್ಕೊಂಡು ಗುಹೆಗೆ ಹೊರಟಿರ್ತಾಳೆ.