ಬೊಕ್ಕಸವೂ ಬಂಡವಾಳವೂ: ಹೈದರಾಬಾದಿನ ಒಂದೂವರೆ ಶತಮಾನ

ಬಂಡವಾಳಶಾಹಿಯ ಭವಿಷ್ಯವೇನು, ಆರ್ಥಿಕ ಜೀವನದಲ್ಲಿ ಸರ್ಕಾರವು ಎಷ್ಟರಮಟ್ಟಿಗೆ ಕೈಹಾಕಬೇಕು ಎಂಬ ಚರ್ಚೆಯು ಸಾಮಾನ್ಯವಾಗಿ ಆಡಂ ಸ್ಮಿತ್, ಮಾರ್ಕ್ಸ್, ಕೇನ್ಸ್ ಮೊದಲಾದ ಪಾಶ್ಚಾತ್ಯ ಚಿಂತಕರ ಹೆಸರುಗಳಿಂದ ಆರಂಭವಾಗುತ್ತದೆ. ಆದರೆ ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಹೈದರಾಬಾದಿನ ಚರಿತ್ರೆಯೇ ಸಾಕಷ್ಟು ಸಾಮಗ್ರಿಯನ್ನು ಒದಗಿಸುತ್ತದೆ. ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು 1956ರವರೆಗೆ ಇದೇ ನಗರದ ಆಡಳಿತಕ್ಕೆ ಒಳಪಟ್ಟಿದ್ದುದರಿಂದ ಆ ಚರಿತ್ರೆಯ ಲಾಭನಷ್ಟಗಳಲ್ಲಿ ಕನ್ನಡಿಗರಿಗೂ ಪಾಲಿದೆ.

ಮೊದಲನೆಯ ನಿದರ್ಶನ ರೈಲುಮಾರ್ಗದ್ದು. ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೂಲಕ ಸಿಕಂದರಾಬಾದಿಗೆ ಹೋಗುವ ಮಾರ್ಗವು ಮೊದಲನೆಯ ಸಾಲಾರ್ ಜಂಗನ ದಿವಾನಗಿರಿಯಲ್ಲಿ, ಸಂಸ್ಥಾನದ ಹಣದಿಂದಲೇ ನಿರ್ಮಾಣವಾಗಿ 1874ರಲ್ಲಿ ತೆರೆಯಿತು. 1883ರ ಆದಿಯಲ್ಲಿ ಸಾಲಾರ್ ಜಂಗನು ತೀರಿಕೊಂಡನು. ಅದೇ ವರ್ಷದ ಕೊನೆಯಲ್ಲಿ ಲಂಡನ್ನಿನ ಕಂಪನಿಯೊಂದಕ್ಕೆ ಮಾರ್ಗವನ್ನು ಒಪ್ಪಿಸುವ ಕರಾರಾಯಿತು. ಕಂಪನಿಯು ತೊಡಗಿಸುವ ಬಂಡವಾಳಕ್ಕೆ ಇಪ್ಪತ್ತು ವರ್ಷಗಳ ಕಾಲ ಶೇಕಡಾ 5ರ ಬಡ್ಡಿಯನ್ನು ಸಂಸ್ಥಾನದ ಬೊಕ್ಕಸವೇ ಖಾತರಿಪಡಿಸಿತು. ಗಾಡಿಯಲ್ಲಿ ಜನ ತುಂಬಲಿ, ತುಂಬದಿರಲಿ, ಲಂಡನ್ನಿನ ಪಾಲುದಾರನಿಗೆ ಬಡ್ಡಿ ತಪ್ಪುವಂತಿರಲಿಲ್ಲ. ಈ ಯೋಜನೆಯ ವಿವರಗಳನ್ನು ಪ್ರಜೆಗಳ ಮುಂದಿಡಬೇಕೆಂದು ಮುಲ್ಲಾ ಅಬ್ದುಲ್ ಖಯ್ಯೂಮ್, ಅಘೋರನಾಥ ಚಟ್ಟೋಪಾಧ್ಯಾಯ ಮೊದಲಾದವರು ಚಳವಳಿ ಹೂಡಿದರು. ಸರೋಜಿನಿ ನಾಯಿಡು ಅವರ ತಂದೆಯಾದ ಅಘೋರನಾಥರು ಅದಕ್ಕಾಗಿ ಗಡೀಪಾರಾಗಬೇಕಾಯಿತು. ಕಡೆಗೆ 1930ರ ಏಪ್ರಿಲ್ 1ರಂದು ಸಂಸ್ಥಾನವೇ ರೈಲ್ವೆಯನ್ನು ಕೊಂಡುಕೊಂಡಿತು.

ಗಣಿಯ ಕಥೆಯೂ ಇದಕ್ಕೆ ಸಮೀಪವಾದುದೇ. ಯೆಲ್ಲಂದುವಿನ ಬಳಿ 1870ರ ದಶಕದ ಆದಿಯಲ್ಲಿ ಕಲ್ಲಿದ್ದಲು ಪತ್ತೆಯಾಯಿತು. 1886ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪಿತವಾದ ಹೈದರಾಬಾದ್ (ಡೆಕ್ಕನ್) ಕಂಪನಿಗೆ ಗಣಿಯ ಹಕ್ಕುಗಳು ದೊರೆತವು. ಹಕ್ಕು ಪಡೆದವರು ಷೇರುಗಳ ಬಹುಭಾಗವನ್ನು ಹಣ ತೆರದೆಯೇ ತಮ್ಮ ಹೆಸರಿಗೆ ಮಾಡಿಕೊಂಡ ಸಂಗತಿ ಬಯಲಾದಾಗ, 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೇ ವಿಚಾರಣೆ ನಡೆಸಬೇಕಾಯಿತು. 1920ರಲ್ಲಿ ಸಿಂಗರೇಣಿ ಕಾಲರೀಸ್ ಎಂಬ ಹೆಸರು ತಳೆದ ಈ ಉದ್ಯಮವು 1945ರಲ್ಲಿ ನಿಜಾಮ ಸರ್ಕಾರದ ವಶಕ್ಕೆ ಬಂದಿತು.

ಇಂತಹ ಅನುಭವಗಳ ತರುವಾಯ, 1929ರಲ್ಲಿ ಸಂಸ್ಥಾನವು ಕೈಗಾರಿಕಾ ನ್ಯಾಸನಿಧಿಯನ್ನು ಸ್ಥಾಪಿಸಿತು. ಸಣ್ಣ ಉದ್ಯಮಗಳಿಗೆ ಸಾಲ ಕೊಡುವುದು, ದೊಡ್ಡ ಉದ್ಯಮಗಳಲ್ಲಿ ಷೇರು ಕೊಳ್ಳುವುದು ಅದರ ಕಾರ್ಯ. ಹಿಂದೆ ಬೇರೆಯವರ ಲಾಭಕ್ಕೆ ಜಾಮೀನು ನಿಂತಿದ್ದ ಬೊಕ್ಕಸವು ಈಗ ತಾನೇ ಪಾಲುದಾರನಾಯಿತು. ಈ ಭೇದವು ಗಮನಾರ್ಹವಾದುದು. 1932ರಲ್ಲಿ 27 ಬಸ್ಸುಗಳೊಡನೆ ರೈಲ್ವೆಯ ಆಶ್ರಯದಲ್ಲಿಯೇ ಸರ್ಕಾರೀ ರಸ್ತೆ ಸಾರಿಗೆ ಆರಂಭವಾಯಿತು. 1934ರಲ್ಲಿ ವರಂಗಲ್ಲಿನ ಆಜಂಜಾಹಿ ಮಿಲ್ಲು ನೂಲು ತೆಗೆಯಿತು. ಬೀದರ ಜಿಲ್ಲೆಯನ್ನು ಹಾದು ಹರಿಯುವ ಮಂಜೀರಾ ನದಿಗೆ ಕಟ್ಟಿದ ನಿಜಾಂಸಾಗರದ ನೀರನ್ನು ನಂಬಿ 1937ರಲ್ಲಿ ಬೋಧನದ ಸಕ್ಕರೆ ಕಾರ್ಖಾನೆ ಎದ್ದಿತು. 1947ರಲ್ಲಿ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿಗಾರಿಕೆಗೆ ಹೊಸ ಕಂಪನಿ ಏರ್ಪಟ್ಟಿತು. ಆದರೆ ಈ ಪಾಲುಗಾರಿಕೆಯ ಲೆಕ್ಕವನ್ನು ಕೇಳುವ ಜವಾಬ್ದಾರಿ ಸರ್ಕಾರವು ಆಗ ಸಂಸ್ಥಾನದಲ್ಲಿರಲಿಲ್ಲ. ಕೈಗಾರಿಕೆ ಬೆಳೆಯಿತು, ಪ್ರಜೆಯ ಅಧಿಕಾರ ಮಾತ್ರ ಬೆಳೆಯಲಿಲ್ಲ.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಕೇಂದ್ರ ಸರ್ಕಾರವು ಹೈದರಾಬಾದನ್ನು ಸಾರ್ವಜನಿಕ ಉದ್ಯಮಗಳ ನೆಲೆಯನ್ನಾಗಿ ಮಾಡಿತು. ಅವುಗಳಲ್ಲಿ 1961ರಲ್ಲಿ ಸ್ಥಾಪಿತವಾದ ಐ.ಡಿ.ಪಿ.ಎಲ್. ಸಂಸ್ಥೆಯ ಔಷಧ ಕಾರ್ಖಾನೆಯ ಇತಿಹಾಸವು ವಿಶೇಷವಾಗಿ ಮನನೀಯ. ಸೋವಿಯತ್ ನೆರವಿನಿಂದ ಎದ್ದ ಈ ಕಾರ್ಖಾನೆಯು ರಾಸಾಯನಿಕ ತಜ್ಞರ ಒಂದು ಪೀಳಿಗೆಯನ್ನೇ ತರಬೇತುಗೊಳಿಸಿತು. 1970ರ ಪೇಟೆಂಟ್ ಕಾನೂನು ಔಷಧ ಪದಾರ್ಥಕ್ಕೆ ಪೇಟೆಂಟು ಕೊಡದೆ ತಯಾರಿಕೆಯ ವಿಧಾನಕ್ಕೆ ಮಾತ್ರ ಕೊಟ್ಟಿತು. ಅದೇ ಕಾರ್ಖಾನೆಯಲ್ಲಿ ದುಡಿದಿದ್ದ ಅಂಜಿ ರೆಡ್ಡಿಯವರು 1984ರಲ್ಲಿ ತಮ್ಮ ಖಾಸಗೀ ಸಂಸ್ಥೆಯನ್ನು ಕಟ್ಟಿದರು. ನಗರದ ಔಷಧೋದ್ಯಮ ಜಗತ್ತಿನಲ್ಲಿ ಹೆಸರು ಪಡೆಯಿತು. ಅದಕ್ಕೆ ವಿದ್ಯೆಯನ್ನೂ ಕಾನೂನಿನ ಆಸರೆಯನ್ನೂ ಸರ್ಕಾರವೇ ಒದಗಿಸಿತ್ತು. ತಾಯಿ ಸಂಸ್ಥೆಯಾದ ಐ.ಡಿ.ಪಿ.ಎಲ್. ಮಾತ್ರ 1992ರ ವೇಳೆಗೆ ರೋಗಗ್ರಸ್ತ ಉದ್ಯಮಗಳ ಪಟ್ಟಿಗೆ ಸೇರಿತು.

1991ರ ಉದಾರೀಕರಣದ ನಂತರ ಸರ್ಕಾರವು ಹಿಂದೆ ಸರಿಯುವುದೇ ಪ್ರಗತಿಯೆಂಬ ಅಭಿಪ್ರಾಯ ಬಲವಾಯಿತು. 2002ರಲ್ಲಿ ಬೋಧನದ ಕಾರ್ಖಾನೆಯ ಶೇಕಡಾ 51ರ ಪಾಲು ಖಾಸಗಿಯವರ ಕೈಸೇರಿತು. 2015ರ ಕೊನೆಯಲ್ಲಿ ಕಾರ್ಖಾನೆ ನಿಂತಿತು. ಕಬ್ಬು ಬೆಳೆದವನಿಗೂ ಯಂತ್ರ ನಡೆಸಿದವನಿಗೂ ಆ ಮಾರಾಟದ ಕರಾರಿನಲ್ಲಿ ಮಾತಾಡುವ ಅವಕಾಶವಿರಲಿಲ್ಲ. ಹಾಗೆಂದು ಸರ್ಕಾರೀ ಒಡೆತನವೇ ಉದ್ಯಮಕ್ಕೆ ರಕ್ಷೆಯೆನ್ನಲೂ ಬಾರದು. ಕೇಂದ್ರ ಸರ್ಕಾರದ ಕೈಯಲ್ಲಿದ್ದ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಕರ್ನಾಟಕ ಸರ್ಕಾರದ ಹಟ್ಟಿ ಗಣಿ ಇಂದಿಗೂ ಚಿನ್ನ ತೆಗೆಯುತ್ತಿದೆ. ಅದಿರಿನ ಗುಣ, ಗಣಿಯ ಆಳ, ಆಡಳಿತದ ದಕ್ಷತೆ ಇವೆಲ್ಲವೂ ಒಡೆತನದಷ್ಟೇ ಮುಖ್ಯವಾದ ಅಂಶಗಳು.

ಇತ್ತೀಚಿನ ನಿದರ್ಶನವು ಓದುಗರನ್ನು ಮತ್ತೆ ರೈಲಿನ ಬಳಿಗೇ ಕರೆತರುತ್ತದೆ. 2010ರ ಕರಾರಿನಂತೆ ಖಾಸಗೀ ಸಂಸ್ಥೆಯೊಂದು, ಸರ್ಕಾರದ ನೆರವಿನೊಡನೆ, ಹೈದರಾಬಾದ್ ಮೆಟ್ರೋ ಮಾರ್ಗವನ್ನು ಕಟ್ಟಿತು. 2017ರ ನವೆಂಬರಿನಲ್ಲಿ ಸಂಚಾರ ತೊಡಗಿತು. ನಷ್ಟ ಬೆಳೆಯುತ್ತ ಬಂದು, 2025ರ ಸೆಪ್ಟೆಂಬರಿನಲ್ಲಿ ಸುಮಾರು 13,000 ಕೋಟಿ ರೂಪಾಯಿಗಳ ಸಾಲದೊಡನೆ ಮೊದಲ ಹಂತವನ್ನು ತಾನೇ ವಹಿಸಿಕೊಳ್ಳಲು ತೆಲಂಗಾಣ ಸರ್ಕಾರವು ತಾತ್ವಿಕವಾಗಿ ಸಮ್ಮತಿಸಿತು. 1883ಕ್ಕೂ 2010ಕ್ಕೂ ಅಂತರ ಬಹಳವಿದೆ. ಆದರೂ ಎರಡು ಪ್ರಸಂಗಗಳಲ್ಲಿಯೂ ಕೊನೆಯ ಹೊಣೆಗಾರ ಬೊಕ್ಕಸವೇ.

ವಿಶಾಲ ಜಗತ್ತಿನಲ್ಲಿಯೂ ಇದೇ ಸ್ಥಿತಿ. 2008ರಲ್ಲಿ ಅಮೆರಿಕದ ಬ್ಯಾಂಕುಗಳನ್ನು ಉಳಿಸಿದ್ದು ಅಲ್ಲಿನ ಸರ್ಕಾರ. 2022ರಲ್ಲಿ ಚಿಪ್ ತಯಾರಿಕೆಗೆ ಸಹಾಯಧನದ ಶಾಸನ ಮಾಡಿದ್ದೂ ಅದೇ ಸರ್ಕಾರ. ಭಾರತವೂ 2020ರಿಂದ ಉತ್ಪಾದನೆಗೆ ತಕ್ಕ ಪ್ರೋತ್ಸಾಹಧನವನ್ನು ಖಾಸಗೀ ಕಾರ್ಖಾನೆಗಳಿಗೆ ನೀಡುತ್ತಿದೆ. ಆದುದರಿಂದ ಮುಂದಿನ ಕಾಲದ ಬಂಡವಾಳವು ಸರ್ಕಾರದ ಹಂಗಿಲ್ಲದೆ ಬಾಳುವುದೆಂದು ನಂಬಲು ಆಧಾರವಿಲ್ಲ. ಹಸ್ತಕ್ಷೇಪ ಇದ್ದೇ ಇರುತ್ತದೆ. ಅದರ ಷರತ್ತುಗಳೇನು ಎಂಬುದೇ ವಿಚಾರಾರ್ಹ. ನಷ್ಟಕ್ಕೆ ಬಾಧ್ಯಸ್ಥವಾದ ಬೊಕ್ಕಸಕ್ಕೆ ಲಾಭದಲ್ಲಿಯೂ ಪಾಲಿರಬೇಕು. ಕಾರ್ಖಾನೆ ಕೈಬದಲಾಗುವಾಗ ರೈತನ ಮತ್ತು ಕಾರ್ಮಿಕನ ಹಿತವು ಕರಾರಿನಲ್ಲಿಯೇ ಬರೆಯಲ್ಪಡಬೇಕು. ಇವೆಲ್ಲಕ್ಕೂ ಮೊದಲು, ಕರಾರು ಸಹಿಯಾಗುವ ಮುನ್ನ ಜನರ ಮುಂದೆ ಬರಬೇಕು. ಅಘೋರನಾಥರೂ ಅವರ ಸಂಗಡಿಗರೂ ಕೇಳಿದ್ದು ಇದಿಷ್ಟನ್ನೇ. ಅಂದು ಆ ಮಾತಿಗೆ ಗಡೀಪಾರಿನ ಶಿಕ್ಷೆಯಿತ್ತು. ಇಂದು ಅದನ್ನು ಕೇಳುವ ಹಕ್ಕು ಪ್ರತಿಯೊಬ್ಬ ಪ್ರಜೆಗೂ ಇದೆ; ಆ ಹಕ್ಕಿನ ಬಳಕೆಯ ಮೇಲೆಯೇ ಮುಂದಿನ ಕರಾರುಗಳ ನ್ಯಾಯಾನ್ಯಾಯಗಳು ನಿಂತಿವೆ.