ಕೀಲೆಣ್ಣೆಯಿಂದ ಬೇರಿಂಗಿಗೆ: ಶಿರೋಳ ಸೀಮೆಯ ಗಾಡಿ, ಗಾಲಿ ಮತ್ತು ನೊಗ

(ವಿಭಾಗದ ಆನ್‌ಲೈನ್ ಸೆಮಿನಾರಿನಲ್ಲಿ ಮಂಡಿಸಿದ ಮಾತಿನ ಬರಹರೂಪ. ಕೊನೆಯಲ್ಲಿ ಚರ್ಚೆಯ ಒಂದು ಭಾಗವಿದೆ.)

ಕಾರಿನ ಹುಚ್ಚಿರುವವರು ನಮ್ಮ ತರಗತಿಯಲ್ಲೂ ಇದ್ದಾರೆ. ಸ್ಪೋರ್ಟ್ಸ್ ಕಾರಿಗೆ ಹೊಸ ಹಬ್, ಹೊಸ ಬೇರಿಂಗ್ ಹಾಕಿಸಿದರೆ ತಿರುವಿನಲ್ಲಿ ಅದು ಎಷ್ಟು ಗಟ್ಟಿ ನಿಲ್ತದ ಅಂತ ಅವರು ತಾಸುಗಟ್ಟಲೆ ಮಾತಾಡ್ತಾರೆ. ಅಂಥದೇ ಬದಲಾವಣೆ ಕೊಲ್ಹಾಪುರ ಜಿಲ್ಲೆಯ ಶಿರೋಳ ಸೀಮೆಯ ಎತ್ತಿನ ಗಾಡಿಗೆ ಆದಾಗ ಅದರ ಲಾಭ ಯಾರಿಗೆ ಸಿಕ್ಕಿತು ಎಂಬುದು ಇವತ್ತಿನ ನನ್ನ ಪ್ರಶ್ನೆ. ಎತ್ತಿಗೋ, ಗಾಡಿಯವನಿಗೋ, ಕಬ್ಬಿಗೋ?

1. ಮಾತುಗಳು

ಮೊದಲು ಹೆಸರು ನೋಡೋಣ. ಗಾಲಿಯ ನಡುವಿನ ದಪ್ಪ ಕಟ್ಟಿಗೆಗೆ ಕೆಳಗಿನ ಸೀಮೆಯಲ್ಲಿ ಗುಂಬ ಅಂತಾರೆ, ಮರಾಠಿಯಲ್ಲಿ ತುಂಬಾ. ಅದರೊಳಗೆ ಹಾಯುವುದು ಅಚ್ಚು, ಮರಾಠಿಯ ಆಸ. ಗಾಲಿ ಕಳಚಿ ಬೀಳದಂತೆ ಅಚ್ಚಿನ ತುದಿಗೆ ಹೊಡೆಯುವುದು ಕಡೆಗೀಲು. ಉಜ್ಜಾಟ ತಗ್ಗಿಸಲು ಹಚ್ಚುವುದು ಕೀಲೆಣ್ಣೆ, ಮರಾಠಿಯ ವಂಗಣ. ಕೃಷ್ಣಾ ಮತ್ತು ಪಂಚಗಂಗಾ ಕೂಡುವ ನೃಸಿಂಹವಾಡಿ, ಕುರುಂದವಾಡ, ಕೋಪೇಶ್ವರನ ಖಿದ್ರಾಪುರದ ಈ ಸೀಮೆಯಲ್ಲಿ ಕನ್ನಡ ಮತ್ತು ಮರಾಠಿ ಒಂದೇ ಬಾಯಲ್ಲಿ ಇರುತ್ತವೆ. ಹಾಗಾಗಿ ಒಂದೇ ಗಾಲಿಗೆ ಎರಡೆರಡು ಹೆಸರು.

ಕಡೆಗೀಲು ನಮಗೆ, ಸಾಹಿತ್ಯದವರಿಗೆ, ಮೊದಲೇ ಗೊತ್ತು. ಜೇಡರ ದಾಸಿಮಯ್ಯ ಒಡಲನ್ನು ಬಂಡಿ ಮಾಡಿ, ಶರಣರ ನುಡಿಯನ್ನು ಅದರ ಕಡೆಗೀಲು ಮಾಡಿದ. ತರಗತಿಯಲ್ಲಿ ಇದನ್ನು ರೂಪಕವೆಂದು ಓದಿ ಮುಂದೆ ಹೋಗುತ್ತೇವೆ. ಆದರೆ ಗಾಲಿ ಕಳಚಿದ ಗಾಡಿ ಹೇಗೆ ಒಂದು ಮಗ್ಗುಲಿಗೆ ಕೂರುತ್ತದೆ ಎಂದು ಕಂಡವರಿಗೆ ಆ ವಚನದ ಭಯ ಬೇಗ ತಿಳಿಯುತ್ತದೆ. ಬೇರಿಂಗ್ ಬಂದ ಮೇಲೂ ಕಡೆಗೀಲು ಹೋಗಲಿಲ್ಲ. ಅಚ್ಚಿನ ನಟ್ಟು ಸಡಿಲಾಗದಂತೆ ತೂತಿನಲ್ಲಿ ತೂರಿಸಿ ಮಡಚುವ ಸ್ಪ್ಲಿಟ್ ಪಿನ್ನು ಅದೇ ಕೆಲಸ ಮಾಡುತ್ತದೆ.

2. ಗಾಲಿಯ ಲೆಕ್ಕ

ಹಳೆಯ ಗಾಡಿಯಲ್ಲಿ ಬೇರಿಂಗ್ ಇರಲಿಲ್ಲ ಎಂದಮಾತ್ರಕ್ಕೆ ಅದನ್ನು ದಡ್ಡರ ಗಾಡಿ ಅನ್ನಬಾರದು. ಗಾಲಿ ಐದು ಅಡಿ, ಅಂದರೆ 60 ಇಂಚು, ಅಚ್ಚು 2 ಇಂಚು ದಪ್ಪ ಅಂತ ಹಿಡಿಯಿರಿ. ಅಚ್ಚಿನ ಹತ್ತಿರ ಆಗುವ ಉಜ್ಜಾಟ ನೆಲದ ಹತ್ತಿರ ಎಳೆಯುವ ಎತ್ತಿಗೆ 30ರಲ್ಲಿ ಒಂದು ಪಾಲು ಮಾತ್ರ ತಟ್ಟುತ್ತದೆ. ದೊಡ್ಡ ಗಾಲಿಯೇ ಸನ್ನೆಕೋಲು. ಎರೆಮಣ್ಣಿನ ಕುಣಿ ದಾಟಲೂ ದೊಡ್ಡ ಗಾಲಿಯೇ ಒಳ್ಳೆಯದು. ತೊಂದರೆ ಬೇರೆ ಕಡೆ ಇತ್ತು. ಕೀಲೆಣ್ಣೆ ಒಣಗಿದರೆ ಕಿರ್ರೆನ್ನುವುದು, ಗುಂಬ ಸವೆದರೆ ಗಾಲಿ ಓಲಾಡುವುದು, ಕಿರಿದಾದ ಕಬ್ಬಿಣದ ಹಳಿ ಹಸಿ ಮಣ್ಣಿನಲ್ಲಿ ಹೂಳುವುದು.

ರಬ್ಬರಿನ ಗಾಲಿ ಬಂದಾಗ ಈ ಲೆಕ್ಕ ಬದಲಾಯಿತು. ಡನ್ಲಪ್ ಕಂಪನಿಯ ಸಾಹಾಗಂಜ್ ಕಾರ್ಖಾನೆ 1936ರಲ್ಲಿ ಬಂಗಾಳದಲ್ಲಿ ಶುರುವಾಯಿತು. ಗಾಡಿಗೆಂದೇ ಟೈರು ಮಾಡಿದ ಆ ಕಂಪನಿಯ ಹೆಸರೇ ಮುಂದೆ ಗಾಡಿಯ ಹೆಸರಾಯಿತು: ಡನ್ಲಪ್ ಗಾಡಿ. ಟೈರಿನ ಗಾಲಿ ಚಿಕ್ಕದು. 30 ಇಂಚು ಅಂತ ಹಿಡಿದರೆ ಅದೇ ಅಚ್ಚಿನ ಉಜ್ಜಾಟ ಈಗ 15ರಲ್ಲಿ ಒಂದು ಪಾಲು ತಟ್ಟುತ್ತದೆ, ಅಂದರೆ ಎರಡು ಪಟ್ಟು. ದೊಡ್ಡ ಗಾಲಿಯಿಂದ ಸಿಗುತ್ತಿದ್ದ ಅನುಕೂಲ ಹೋಯಿತು. ಅದನ್ನು ತುಂಬಿಕೊಟ್ಟದ್ದು ಬೇರಿಂಗ್. ಮಣ್ಣಿನಲ್ಲಿ ಟೈರು, ಡಾಂಬರಿನ ಮೇಲೆ ಬೇರಿಂಗ್, ಹೀಗೆ ಇಬ್ಬರೂ ಕೆಲಸ ಹಂಚಿಕೊಂಡರು.

ಇಲ್ಲಿ ಒಂದು ಸ್ವಾರಸ್ಯ ಐತಿ. ಪ್ಯಾರಿಸಿನ ಜೂಲ್ಸ್ ಸುರಿರೇ 1869ರಲ್ಲಿ ಬಾಲ್ ಬೇರಿಂಗಿಗೆ ಪೇಟೆಂಟ್ ಪಡೆದದ್ದು ಸೈಕಲ್ಲಿಗಾಗಿ. ಓರೆ ರೋಲರಿನ ಬೇರಿಂಗಿಗೆ 1898ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಹೆನ್ರಿ ಟಿಮ್ಕೆನ್ ಕುದುರೆಗಾಡಿ ಮಾಡುವವನು. ಗಾಡಿ ತಿರುಗುವಾಗ ಗಾಲಿಯ ಮೇಲೆ ಬೀಳುವ ಅಡ್ಡಭಾರ ಅವನ ತಲೆನೋವಾಗಿತ್ತು. ಇವತ್ತು ಓಟದ ಕಾರಿಗೆ ಗಟ್ಟಿ ಹಬ್ ಬೇಕಾಗುವುದೂ ಅದೇ ಅಡ್ಡಭಾರಕ್ಕೆ, ಜೊತೆಗೆ ಬ್ರೇಕಿನ ಕಾವಿಗೆ. ಕಾರಿನ ಹೊಸ ಹಬ್ಬು ಸೀಲ್ ಮಾಡಿದ ಗುಂಡು, ಕೆಟ್ಟರೆ ಇಡಿಯಾಗಿ ಬದಲಿಸಬೇಕು. ಟೈರ್ ಗಾಡಿಯ ಗುಂಬವನ್ನು ಈಗಲೂ ಬಿಚ್ಚಿ, ತೊಳೆದು, ಗ್ರೀಸ್ ತುಂಬಿ ಮತ್ತೆ ಕೂಡಿಸಬಹುದು.

3. ಕಾಯಿದೆಯ ತಕ್ಕಡಿ

ನನ್ನ ವಾದದ ಮುಖ್ಯ ದಾಖಲೆ ಸಾಹಿತ್ಯದ್ದಲ್ಲ, ಸರಕಾರದ್ದು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ, ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಬಗ್ಗೆ 1965ರಲ್ಲಿ ನಿಯಮಗಳು ಬಂದವು. ಎರಡು ಗಾಲಿಯ ಗಾಡಿಗೆ ಎಷ್ಟು ಭಾರ ಹೇರಬಹುದು ಎಂಬ ಪಟ್ಟಿ ಅದರಲ್ಲಿದೆ. ದೊಡ್ಡ ಎತ್ತಿನ ಸಾಲು ನೋಡ್ರಿ: ಟೈರ್ ಇಲ್ಲದ ಗಾಡಿಗೆ 900 ಕಿಲೋ, ಟೈರ್ ಇದ್ದರೆ 1350, ಬಾಲ್ ಬೇರಿಂಗ್ ಇದ್ದರೆ 1800. ಸಣ್ಣ ಎತ್ತಿಗೆ 500, 750, 1000.

ಅಂದರೆ ಬೇರಿಂಗ್ ಹಾಕಿದರೆ ಭಾರ ಎರಡು ಪಟ್ಟು ಮಾಡಬಹುದು. ಎತ್ತನ್ನು ಕಾಪಾಡಲು ಬಂದ ನಿಯಮವೇ ಬೇರಿಂಗಿನಿಂದ ಸಿಕ್ಕ ಹಗುರತನವನ್ನು ಕಿಲೋ ಆಗಿ ಬದಲಾಯಿಸಿ ಹೇರಿಗೆ ಸೇರಿಸಿತು. ಎತ್ತಿನ ಹೆಗಲಿಗೆ ಉಳಿದದ್ದು ಹಿಂದಿನಷ್ಟೇ ದುಡಿಮೆ.

ಶಿರೋಳದಲ್ಲಿ ಇದಕ್ಕೆ ಕಬ್ಬಿನ ಒತ್ತಾಸೆಯೂ ಸೇರಿತು. ನಿಮಶಿರಗಾವದವರಾದ ರತ್ನಪ್ಪಾ ಕುಂಭಾರರು ಇಚಲಕರಂಜಿಯ ಹತ್ತಿರ ಪಂಚಗಂಗಾ ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟಿದರು. ಶಿರೋಳದಲ್ಲೇ ದತ್ತ ಸಹಕಾರಿ ಕಾರ್ಖಾನೆ ಬಂತು. ಕಡಿತ, ಸಾಗಣೆ ಎರಡಕ್ಕೂ ಕೂಲಿ ಟನ್ನಿನ ಲೆಕ್ಕದಲ್ಲಿ. ಬೀಡ ಕಡೆಯಿಂದ ಎತ್ತು, ಗಾಡಿ, ಮಕ್ಕಳು ಸಮೇತ ಬರುವ ಕುಟುಂಬಕ್ಕೆ ಒಂದು ಖೇಪಿಗೆ ಎಷ್ಟು ಹೇರಿದರೆ ಅಷ್ಟು ಹೊಟ್ಟೆಗೆ. ಅವರನ್ನು ಎತ್ತು ಸವೆಸುವವರು ಅಂತ ಬೈಯುವುದು ಸುಲಭ. ಆದರೆ ತೂಕದ ಕಾಟಾ ಗಾಡಿಯವನ ಕೈಯಲ್ಲಿಲ್ಲ.

4. ಬದಲಾಗದ ನೊಗ

1970ರ ದಶಕದಲ್ಲಿ ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ ಎತ್ತಿನ ಗಾಡಿಯನ್ನು ಮ್ಯಾನೇಜ್‌ಮೆಂಟಿನ ವಿಷಯವಾಗಿ ಎತ್ತಿಕೊಂಡರು. ದೇಶದಲ್ಲಿ ಒಂದೂವರೆ ಕೋಟಿಯಷ್ಟು ಗಾಡಿಗಳಿವೆ ಎಂಬ ಲೆಕ್ಕ ಆಗ ಚಾಲ್ತಿಯಲ್ಲಿತ್ತು. ಅವರು ಗಾಲಿಯೊಂದನ್ನೇ ನೋಡಲಿಲ್ಲ, ನೊಗವನ್ನೂ ನೋಡಿದರು. ಎತ್ತಿನ ಕುತ್ತಿಗೆಯ ಗಾಯ ಆಗುವುದು ಅಲ್ಲಿ.

ನನ್ನ ಮುಖ್ಯ ಮಾತು ಇದು. ಗುಂಬ ಬದಲಾಯಿತು, ಅಚ್ಚು ಬದಲಾಯಿತು, ಹಳಿ ಹೋಗಿ ಟೈರು ಬಂತು. ನೊಗ ಮಾತ್ರ ಹೆಚ್ಚುಕಡಿಮೆ ಅದೇ ಕಟ್ಟಿಗೆ. ಗುಂಬಕ್ಕೆ ಹಾಕಿದ ದುಡ್ಡು ಟನ್ನಿನ ರೂಪದಲ್ಲಿ ತಿರುಗಿ ಬರುತ್ತದೆ. ನೊಗಕ್ಕೆ ಹಾಕಿದ್ದು ಎತ್ತಿನ ಕುತ್ತಿಗೆಯಲ್ಲೇ ಉಳಿಯುತ್ತದೆ, ಕಾಟಾದ ಚೀಟಿಯಲ್ಲಿ ಕಾಣುವುದಿಲ್ಲ. ಸುಧಾರಣೆ ಎಲ್ಲಿ ನಿಂತಿತು ಅಂತ ನೋಡಿದರೆ ಅದು ಯಾರಿಗಾಗಿ ಶುರುವಾಗಿತ್ತು ಅನ್ನುವುದು ತಿಳಿಯುತ್ತದೆ.

ಶರ್ಯತ್ತಿನ ಗಾಡಿಯ ಕಥೆ ಬೇರೆ. ಅದು ನಮ್ಮ ಸೀಮೆಯ ಸ್ಪೋರ್ಟ್ಸ್ ಕಾರು. 2014ರಲ್ಲಿ ಸುಪ್ರೀಂ ಕೋರ್ಟು ಈ ಓಟಗಳನ್ನು ನಿಲ್ಲಿಸಿತು. 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಮಹಾರಾಷ್ಟ್ರದ ತಿದ್ದುಪಡಿ ಕಾಯಿದೆಯನ್ನು ಒಪ್ಪಿತು. ಅಲ್ಲಿ ಗಾಡಿಯನ್ನು ಆದಷ್ಟು ಹಗುರ ಮಾಡುತ್ತಾರೆ, ಗಾಲಿ ಸಲೀಸಾಗಿ ತಿರುಗಬೇಕು ಅಂತ ನೋಡುತ್ತಾರೆ. ಅಂದರೆ ಸಿಕ್ಕ ಹಗುರತನ ಅಲ್ಲಿ ಓಟವಾಗುತ್ತದೆ, ಕಬ್ಬಿನ ಗಾಡಿಯಲ್ಲಿ ಹೇರಾಗುತ್ತದೆ. ಎರಡರಲ್ಲೂ ಎತ್ತಿಗೆ ವಿಶ್ರಾಂತಿ ಆಗುವುದಿಲ್ಲ. ಅದಕ್ಕಿರುವುದು ಕಾರಹುಣ್ಣಿಮೆಯ ದಿನ. ಅದನ್ನು ಈ ಕಡೆ ಕರ್ನಾಟಕಿ ಬೆಂದೂರ ಅಂತಾರೆ. ಅವತ್ತು ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಹೆಗಲು ಖಾಲಿ.

ಚರ್ಚೆಯಿಂದ

ಪ್ರಶ್ನೆ (ಅಧ್ಯಾಪಕರೊಬ್ಬರು): ಹಾಗಾದರೆ ಬೇರಿಂಗೇ ಬೇಡಿತ್ತು ಅಂತೀಯೇನು?

ಉತ್ತರ: ಇಲ್ಲ ಸರ್. ಒಣಗಿದ ಗುಂಬದ ಗಾಡಿ ಎಳೆಯುವ ಎತ್ತಿನ ಮುಂದೆ ನಿಂತು ಹಾಗೆ ಹೇಳಲಿಕ್ಕೆ ನನಗೆ ಬಾಯಿ ಬರೂದಿಲ್ಲ. ಬೇರಿಂಗಿನ ಲಾಭದಲ್ಲಿ ಅರ್ಧವಾದರೂ ಎತ್ತಿಗೆ ಬಿಡಬಹುದಿತ್ತು ಅಂತ ನನ್ನ ಮಾತು. ಅದೇ ನಿಯಮಗಳು ದಿನಕ್ಕೆ 9 ತಾಸಿಗಿಂತ ಹೆಚ್ಚು ದುಡಿಸಬಾರದು ಅಂತಾವ. ಬೇರಿಂಗ್ ಇದ್ದ ಗಾಡಿಗೆ 1800ರ ಬದಲು 1350 ಅಂತ ಬರೆದಿದ್ದರೆ ಗಾಡಿಯೂ ಓಡುತ್ತಿತ್ತು, ಎತ್ತೂ ಉಸಿರಾಡುತ್ತಿತ್ತು. ಆದರೆ ಅದರ ಜೊತೆಗೆ ಟನ್ನಿನ ಕೂಲಿಯೂ ಏರಬೇಕಾಗಿತ್ತು. ಇಲ್ಲದಿದ್ದರೆ ಎತ್ತಿಗೆ ಬಿಟ್ಟದ್ದನ್ನು ಬೀಡದ ಆ ಹೆಣ್ಣುಮಗಳ ತಾಟಿನಿಂದ ತೆಗೆದಂತೆ ಆಗುತ್ತಿತ್ತು. ಎರಡನ್ನೂ ಒಟ್ಟಿಗೇ ಕೇಳಬೇಕು ಸರ್.