ಮುದ್ರಿತ ಲೋಹಕ್ಕೆ ಮಾರತ್ತಹಳ್ಳಿಯ ಒಪ್ಪಿಗೆ

ಸೇನಾ ವಿಮಾನದ ಬಿಡಿಭಾಗ ಹಾರಾಟಕ್ಕೆ ಯೋಗ್ಯವೇ ಎಂದು ತೀರ್ಮಾನಿಸುವ ಡಿಆರ್‌ಡಿಒ ಕೇಂದ್ರ ಸೆಮಿಲ್ಯಾಕ್ ಇರುವುದು ಬೆಂಗಳೂರಿನ ಮಾರತ್ತಹಳ್ಳಿಯಲ್ಲಿ. ಅದು ರೂಪುಗೊಂಡದ್ದು 1995ರಲ್ಲಿ. ಈ ಭಾಗದ ವಿಮಾನೋದ್ಯಮ ಇನ್ನೂ ಹಳೆಯದು. ಮೈಸೂರು ಸಂಸ್ಥಾನದ ನೆರವಿನಿಂದ ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್‌ಎಎಲ್) ಆರಂಭಿಸಿದರು. ಎಚ್‌ಎಫ್-24 ಮಾರುತ್ ಯುದ್ಧವಿಮಾನ 1961ರ ಜೂನ್‌ನಲ್ಲಿ ಬೆಂಗಳೂರಿನಲ್ಲೇ ಮೊದಲ ಬಾರಿ ಹಾರಿತು.

ಆಗಿನ ತಯಾರಿಕೆಯೆಂದರೆ ಎರಕ, ಫೋರ್ಜಿಂಗ್, ಲೇತು, ಮಿಲ್ಲಿಂಗ್. ಬೇಡದ ಲೋಹವನ್ನು ಕೊರೆದು ತೆಗೆಯುವುದೇ ಕೆಲಸದ ಬಹುಪಾಲು. 3ಡಿ ಮುದ್ರಣ ಇದನ್ನು ತಿರುವುಮುರುವು ಮಾಡಿತು: ಲೋಹದ ಪುಡಿಯನ್ನು ಕೂದಲಿಗಿಂತ ತೆಳುವಾಗಿ ಹರಡಿ, ಬೇಕಾದಷ್ಟನ್ನೇ ಲೇಸರ್ ಕರಗಿಸುತ್ತ ಪದರದ ಮೇಲೆ ಪದರ ಕಟ್ಟುತ್ತದೆ. 2024ರ ಮೇ ತಿಂಗಳಲ್ಲಿ ಇಸ್ರೊ ಪರೀಕ್ಷಿಸಿದ ಪಿಎಸ್4 ರಾಕೆಟ್ ಎಂಜಿನ್ ಇದಕ್ಕೆ ಒಳ್ಳೆಯ ಸಾಕ್ಷಿ. 14 ಭಾಗಗಳಿದ್ದದ್ದು ಒಂದಾಯಿತು, 19 ಬೆಸುಗೆಗಳು ತಪ್ಪಿದವು, 565 ಕೆ.ಜಿ. ಕಚ್ಚಾವಸ್ತುವಿನ ಬದಲು 13.7 ಕೆ.ಜಿ. ಪುಡಿ ಸಾಕಾಯಿತು. ಅದನ್ನು ತಯಾರಿಸಿದ್ದು ಬೆಂಗಳೂರಿನ ವಿಪ್ರೊ 3ಡಿ. ಇದೇ ಸಂಸ್ಥೆ ಎಚ್‌ಎಎಲ್ ಜೊತೆಗೂಡಿ ವಿಮಾನ ಎಂಜಿನ್ನಿನ ನಾಝಲ್ ಗೈಡ್ ವೇನ್ ಅನ್ನೂ ಮುದ್ರಿಸಿದೆ. ಉರಿಯುವ ಅನಿಲದ ಎದುರು ನಿಲ್ಲುವ ಭಾಗವದು.

ಇಲ್ಲಿಯೇ ಪರೀಕ್ಷಕರ ಕಷ್ಟ ಶುರುವಾಗುತ್ತದೆ. ಹಳೆಯ ಪದ್ಧತಿಯಲ್ಲಿ ಲೋಹ ಮೊದಲು, ಆಕಾರ ನಂತರ. ಲೋಹದ ಗುಣ ಮೊದಲೇ ಗೊತ್ತಿರುತ್ತಿತ್ತು. ಮುದ್ರಣದಲ್ಲಿ ಲೋಹವೂ ಆಕಾರವೂ ಒಟ್ಟಿಗೇ ಹುಟ್ಟುತ್ತವೆ. ಮತ್ತೆ ಮತ್ತೆ ಬಳಸಿದ ಪುಡಿ ಆಮ್ಲಜನಕ ಹೀರಿರಬಹುದು. ಒಂದೇ ಭಾಗವನ್ನು ನಿಲ್ಲಿಸಿ ಮುದ್ರಿಸಿದರೆ ಒಂದು ಬಲ, ಮಲಗಿಸಿದರೆ ಇನ್ನೊಂದು. ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರ ಒಳಗೆ ಉಳಿದರೆ, ಸಾವಿರಾರು ಬಾರಿ ಒತ್ತಡ ಬಿದ್ದ ಮೇಲೆ ಬಿರುಕು ಅಲ್ಲಿಂದಲೇ ಹೊರಡಬಹುದು. ಅದಕ್ಕೇ ಭಾಗದ ಪಕ್ಕದಲ್ಲೇ ಮಾದರಿ ತುಂಡುಗಳನ್ನೂ ಮುದ್ರಿಸಿ, ಎಳೆದು ಮುರಿದು ನೋಡುತ್ತಾರೆ, ಸಿ.ಟಿ. ಸ್ಕ್ಯಾನ್‌ನಲ್ಲಿ ಒಳಗನ್ನು ಹುಡುಕುತ್ತಾರೆ. ಒಪ್ಪಿಗೆ ಸಿಗಬೇಕಾದದ್ದು ವಸ್ತುವಿಗೆ ಮಾತ್ರವಲ್ಲ, ಪುಡಿ, ಯಂತ್ರ, ಲೇಸರ್ ವೇಗ ಎಲ್ಲಕ್ಕೂ.

ಇದೇ ತಂತ್ರದಿಂದ ಮುದ್ರಿಸುವ ಬಂದೂಕಿನ ಕಥೆ ಬೇರೆ; ಅಲ್ಲಿನ ಚಿಂತೆ ನಕ್ಷೆಯದು. 2013ರ ಮೇ ತಿಂಗಳಲ್ಲಿ ಅಮೆರಿಕದ ಕೋಡಿ ವಿಲ್ಸನ್ ಪ್ಲಾಸ್ಟಿಕ್ ಪಿಸ್ತೂಲು ‘ಲಿಬರೇಟರ್’ನ ನಕ್ಷೆಯನ್ನು ಅಂತರ್ಜಾಲಕ್ಕೆ ಬಿಟ್ಟರು. ಸರ್ಕಾರ ತೆಗೆಸುವಷ್ಟರಲ್ಲಿ ಅದು ಲಕ್ಷ ಬಾರಿ ಇಳಿದಾಗಿತ್ತು. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ಬಂದೂಕು ತಯಾರಿಸುವುದೇ ಅಪರಾಧ; ಅಚ್ಚಿನಲ್ಲಿ ಎರೆದರೂ ಮುದ್ರಿಸಿದರೂ ಅದು ತಯಾರಿಕೆಯೇ. 2019ರ ತಿದ್ದುಪಡಿ ಶಿಕ್ಷೆಯನ್ನು ಹೆಚ್ಚಿಸಿತು. ಆದರೂ ಕಡತವೊಂದು ಗಡಿ ದಾಟುವುದನ್ನು ಹಿಡಿಯುವುದು ನಾಡಬಂದೂಕಿನ ಕುಲುಮೆಯನ್ನು ಪತ್ತೆಹಚ್ಚಿದಷ್ಟು ಸುಲಭವಲ್ಲ.

ವಿಮಾನದ ಭಾಗಕ್ಕೆ ಈ ಭಯ ಕಡಿಮೆ. ನಕ್ಷೆ ಕೈಗೆ ಸಿಕ್ಕಿದರೂ ಅದೊಂದರಿಂದಲೇ ಹಾರಬಲ್ಲ ಭಾಗ ತಯಾರಾಗದು. ಆದರೆ ಒಪ್ಪಿಗೆಯ ಇದೇ ಕಟ್ಟುನಿಟ್ಟು ಸೇನೆಗೂ ತೊಡಕು: ಗಡಿಯ ನೆಲೆಯಲ್ಲೇ ಬಿಡಿಭಾಗ ಮುದ್ರಿಸಿಕೊಳ್ಳಬೇಕೆಂದರೆ, ಅಲ್ಲಿನ ಯಂತ್ರವೂ ತನ್ನ ಅರ್ಹತೆಯನ್ನು ಹೊಸದಾಗಿ ಸಾಬೀತುಪಡಿಸಬೇಕು.